ಯೊಂದೋನನ ಲಿವರಿಗೆ ಕಟ್ಟಿದ ಪಟ್ಟಿ

ಯೊಂದೋನ್ ಕುರಿ ಕೊಯ್ಯುವುದನ್ನು ಒಮ್ಮೆ ನೋಡಿದವರು ಆಮೇಲೆ ಬೇರೆಯವರ ಕೈಯಲ್ಲಿ ಕೊಯ್ಯಿಸಲು ಮನಸ್ಸು ಮಾಡುತ್ತಿರಲಿಲ್ಲ. ನಮ್ಮ ಕಣಿವೆಯಲ್ಲಿ ಚಳಿಗಾಲದ ಮಾಂಸ ಕೂಡಿಡುವ ಕಾಲ ಬಂತೆಂದರೆ ಅವನಿಗೆ ಮದುಮಗನಿಗಿಂತ ಹೆಚ್ಚು ಬೇಡಿಕೆ. ಬೆಳಿಗ್ಗೆ ಒಬ್ಬರ ಗುಡಾರ, ಮಧ್ಯಾಹ್ನ ಇನ್ನೊಬ್ಬರದು. ಕುರಿಯನ್ನು ಬೆನ್ನ ಮೇಲೆ ಮಲಗಿಸಿ, ಮುಂಗಾಲುಗಳನ್ನು ಮೊಣಕಾಲಿನಡಿ ಒತ್ತಿ ಹಿಡಿದು, ಎದೆಯ ಕೆಳಗೆ ಕೈ ತೂರುವಷ್ಟು ಮಾತ್ರ ಸೀಳುತ್ತಿದ್ದ. ಕೈ ಒಳಗೆ ಹೋಗಿ ಬೆನ್ನೆಲುಬಿಗೆ ಅಂಟಿಕೊಂಡ ದೊಡ್ಡ ರಕ್ತನಾಳವನ್ನು ಹುಡುಕಿ ಚಿವುಟಿಬಿಡುತ್ತಿತ್ತು. ಅಷ್ಟೇ. ಒಂದು ತೊಟ್ಟು ರಕ್ತವೂ ನೆಲಕ್ಕೆ ಬೀಳುತ್ತಿರಲಿಲ್ಲ. ನಮ್ಮಲ್ಲಿ ಎಲ್ಲರೂ ಕೊಯ್ಯುವುದು ಹೀಗೇ, ಆದರೆ ಎಲ್ಲರ ಕೈಯೂ ಹಗುರ ಇರುವುದಿಲ್ಲ. ನಮ್ಮಪ್ಪನ ಕೈಗೆ ಸಿಕ್ಕ ಕುರಿ ಸಾಯುವ ಮೊದಲು ನಮ್ಮ ಮನೆತನಕ್ಕೆಲ್ಲ ಶಾಪ ಹಾಕುತ್ತಿತ್ತು. ಅದಕ್ಕೇ ನಮ್ಮಮ್ಮ ಪ್ರತಿ ವರ್ಷ ಯೊಂದೋನನಿಗೆ ಹೇಳಿ ಕಳಿಸುತ್ತಿದ್ದಳು.

ನನ್ನ ಹೆಸರು ಖಂಡಾ. ಅದೇ ಕಣಿವೆಯವಳು. ಈಗ ರಾಜಧಾನಿ ಉಲಾನ್‌ಬಾತರಿನ ಒಂದು ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ಡ್ರಿಪ್ ಹಾಕುವ ವಾರ್ಡಿನ ನರ್ಸ್. ನನಗೆ ಬಾಯಿ ಜಾಸ್ತಿ, ತಾಳ್ಮೆ ಕಡಿಮೆ ಎಂದು ಮೇಲಿನವರು ಹೇಳುತ್ತಾರೆ. ನನ್ನ ವಾರ್ಡಿನಲ್ಲಿ ಒಂದು ವಾರ ಕೆಲಸ ಮಾಡಿ ಆಮೇಲೆ ಹೇಳಲಿ. ನಮ್ಮ ದೇಶದಲ್ಲಿ ಲಿವರ್ ಕ್ಯಾನ್ಸರ್ ಇಲ್ಲದ ಮನೆ ಹುಡುಕಬೇಕಾದರೆ ಕುದುರೆ ಸುಸ್ತಾಗುವಷ್ಟು ದೂರ ಹೋಗಬೇಕು.

ಲಿವರ್ ಕಾಯಿಲೆ ಅಂದ ತಕ್ಷಣ ವೋಡ್ಕಾ ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಯೊಂದೋನ್ ಕುಡಿಯುತ್ತಿರಲಿಲ್ಲ. ಯಾರಾದರೂ ಬಟ್ಟಲು ಕೊಟ್ಟರೆ ಉಂಗುರದ ಬೆರಳು ಅದ್ದಿ ಆಕಾಶಕ್ಕೆ, ಗಾಳಿಗೆ, ನೆಲಕ್ಕೆ ಚಿಮುಕಿಸಿ, ತುಟಿಗೆ ಮುಟ್ಟಿಸಿ ವಾಪಸ್ ಕೊಡುತ್ತಿದ್ದ. ಅವನ ಅಣ್ಣನೂ ಅಷ್ಟೇ, ತಮ್ಮನೂ ಅಷ್ಟೇ. ಮೂವರ ಮೈಯಲ್ಲೂ ಚಿಕ್ಕಂದಿನಿಂದ ಹೆಪಟೈಟಿಸ್ ಬಿ ವೈರಸ್ ಕೂತಿತ್ತು. ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ. ಒಡಹುಟ್ಟಿದವರನ್ನು ನಾವು ಒಂದೇ ಲಿವರಿನವರು ಅನ್ನುತ್ತೇವೆ. ಅಣ್ಣ ಹೋದ, ಎರಡು ವರ್ಷಕ್ಕೆ ತಮ್ಮ ಹೋದ. ತಮ್ಮನ ಹೊಟ್ಟೆ ಉಬ್ಬಿ ಕಣ್ಣು ಹಳದಿಯಾದಾಗ ನಮ್ಮ ಕೈಯಲ್ಲಿ ಕೊಡಲಿಕ್ಕೆ ಏನೂ ಇರಲಿಲ್ಲ.

ಯೊಂದೋನನ ಬದುಕಿನಲ್ಲಿ ಅವನು ಕೊಂದ ಕುರಿಗಳಷ್ಟೇ ಮುಖ್ಯವಾದದ್ದು ಅವನು ಕೊಲ್ಲದ ಪ್ರಾಣಿಗಳು. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ, ಕಷ್ಟಕ್ಕೆ ಸಿಕ್ಕರೆ, ಲಾಮಾನನ್ನು ಕರೆಸಿ ಮಂದೆಯ ಒಂದು ಪ್ರಾಣಿಯನ್ನು ದೇವರಿಗೆ ಬಿಡುತ್ತೇವೆ. ಅದರ ಕುತ್ತಿಗೆಗೋ ಜೂಲಿಗೋ ರೇಷ್ಮೆ ಪಟ್ಟಿ ಕಟ್ಟುತ್ತಾರೆ. ಪಟ್ಟಿ ಬಿದ್ದ ಮೇಲೆ ಅದನ್ನು ಕೊಲ್ಲುವಂತಿಲ್ಲ, ಮಾರುವಂತಿಲ್ಲ, ಹೊಡೆಯುವಂತಿಲ್ಲ. ಮುದಿಯಾಗಿ ತಾನಾಗೇ ಬಿದ್ದು ಸಾಯುವ ತನಕ ಮೇಯುತ್ತಾ ಇರಬೇಕು. ಪಟ್ಟಿ ಬಿಚ್ಚುವುದಂತೂ ಮಾತಿನಲ್ಲೂ ತರುವಂಥದ್ದಲ್ಲ. ಕಮ್ಯುನಿಸ್ಟರ ಆಡಳಿತದಲ್ಲಿ ಧರ್ಮದ ಹೆಸರೆತ್ತಿದರೆ ಹಲ್ಲು ಮುರಿಯುವ ಕಾಲ ಒಂದಿತ್ತಲ್ಲ, ಆಗ ಪಟ್ಟಿಯ ಹೋತವೊಂದನ್ನು ಕೊಯ್ಯೆಂದು ಸಹಕಾರಿ ಸಂಘದ ಮುಖ್ಯಸ್ಥ ಯೊಂದೋನನಿಗೆ ಅಪ್ಪಣೆ ಮಾಡಿದನಂತೆ. ಯೊಂದೋನ್ ಆಗಿನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸಿನವನು. ಕೈ ಉಳುಕಿದೆ ಎಂದು ಬಟ್ಟೆ ಸುತ್ತಿಕೊಂಡು ಒಂದು ತಿಂಗಳು ಓಡಾಡಿದ. ಉಳುಕಿದ ಕೈಯಲ್ಲೇ ಕುದುರೆ ಪಳಗಿಸುತ್ತಿದ್ದುದನ್ನು ಎಲ್ಲರೂ ನೋಡಿದರು, ಯಾರೂ ಬಾಯಿ ಬಿಡಲಿಲ್ಲ.

ಎರಡು ಮೂರು ಬೇಸಿಗೆಯಿಂದ ಹೆಂಡತಿ ಡೊಲ್ಗೊರ್ ಪರೀಕ್ಷೆ ಮಾಡಿಸಿಕೋ ಎಂದು ಪೀಡಿಸುತ್ತಿದ್ದಳು. ಕೊನೆಗೆ ಒಂದು ಶರತ್ಕಾಲದಲ್ಲಿ ನಮ್ಮ ಆಸ್ಪತ್ರೆಗೆ ಬಂದ. ಡೊಲ್ಗೊರ್ ಗಿಡ್ಡ ಹೆಂಗಸು, ಗಂಟಲು ಮಾತ್ರ ಇಡೀ ಕಣಿವೆಗೆ ಸಾಕು. ಸ್ಕ್ಯಾನಿನಲ್ಲಿ ಗೆಡ್ಡೆ ಕಂಡಿತು. ದೊಡ್ಡದು. ಕೊಯ್ದು ತೆಗೆಯುವ ಜಾಗದಲ್ಲಿ ಇರಲಿಲ್ಲ. ಯೊಂದೋನ್ ಆ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಲಿವರ್ ಇಷ್ಟು ಹಾಳಾದ ಕುರಿ ಸಿಕ್ಕಿದ್ರೆ ನಾಯಿಗೂ ಹಾಕ್ತಿರಲಿಲ್ಲ," ಎಂದ. ಡೊಲ್ಗೊರ್ ಅವನ ತೋಳಿಗೆ ಗುದ್ದಿದಳು. ಆಮೇಲೆ ಗೋಡೆಯ ಕಡೆ ತಿರುಗಿ ನಿಂತಳು.

ಅದೃಷ್ಟಕ್ಕೆ ಆಗಷ್ಟೇ ನಮ್ಮ ವಾರ್ಡಿಗೆ ಒಂದು ಹೊಸ ಔಷಧಿ ಪರೀಕ್ಷೆಗೆ ಬಂದಿತ್ತು. ಪ್ರತಿಕಾಯ ಔಷಧಿ. ಹಳೆಯ ಔಷಧಿಗಳ ಹಾಗೆ ಒಳ್ಳೆಯದು ಕೆಟ್ಟದ್ದು ಎಲ್ಲವನ್ನೂ ಸುಡುವುದಲ್ಲ. ಗೆಡ್ಡೆಯ ಜೀವಕೋಶದ ಮೈಮೇಲೆ ಇರುವ ಒಂದು ಕೊಂಡಿಯನ್ನು ಹುಡುಕಿ ಹಿಡಿಯುತ್ತದೆ. ಹಿಡಿದರೆ ಆ ಕೋಶಕ್ಕೆ ಸಾಯುವ ಅಪ್ಪಣೆ ಹೋಗಿ, ಅದು ತಾನಾಗೇ ಸಾಯುತ್ತದೆ. ಬೇರೆ ದೇಶಗಳಲ್ಲೂ ಪರೀಕ್ಷೆ ನಡೆದಿತ್ತು. ನಮಗೆ ಸಿಕ್ಕ ಜಾಗ ಕೆಲವೇ. ಯೊಂದೋನನ ರಕ್ತ, ವಯಸ್ಸು, ಗೆಡ್ಡೆ ಎಲ್ಲ ಹೊಂದಿ ಅವನಿಗೊಂದು ಜಾಗ ಸಿಕ್ಕಿತು. ತಿಂಗಳು ಮುಗಿಯುವುದರೊಳಗೆ ಮೊದಲ ಡ್ರಿಪ್ ಶುರುವಾಗಬೇಕು, ಇಲ್ಲದಿದ್ದರೆ ಆ ಜಾಗ ಇನ್ನೊಬ್ಬರಿಗೆ.

ವಿವರಿಸಿ ಒಪ್ಪಿಗೆ ಪಡೆಯುವ ಕೆಲಸ ಡಾಕ್ಟರ್ ನೊಮುಂದಾರಿಯದು. ಜಾಣೆ, ಒಳ್ಳೆಯವಳು. ಹುಟ್ಟಿ ಬೆಳೆದದ್ದು ಉಲಾನ್‌ಬಾತರಿನ ಅಪಾರ್ಟ್‌ಮೆಂಟಿನ ಆರನೇ ಮಹಡಿಯಲ್ಲಿ, ಓದಿದ್ದು ಕೊರಿಯಾದಲ್ಲಿ. ಕುರಿ ಕಾಯುವವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದು ಅವಳಿಗೆ ಬಹಳ ಆಸೆ. ಆ ದಿನ ಕೋಣೆಯಲ್ಲಿ ಅವಳು, ನಾನು, ಗಂಡ ಹೆಂಡತಿ ಕೂತಿದ್ದೆವು.

"ನೋಡಿ ಯೊಂದೋನ್ ಮಾಮ," ಎಂದು ಶುರು ಮಾಡಿದಳು, "ನಿಮ್ಮ ಮಂದೇಲಿ ಸಾವಿರ ಕುರಿ ಇದೆ ಅಂದ್ಕೊಳ್ಳಿ. ಕೆಲವಕ್ಕೆ ರೋಗ. ಎಲ್ಲವನ್ನೂ ಕೊಲ್ಲೋಕಾಗಲ್ಲ ಅಲ್ವಾ? ಈ ಔಷಧಿ ಏನ್ಮಾಡುತ್ತೆ, ರೋಗ ಇರೋದನ್ನ ಮಾತ್ರ ಹುಡುಕಿ ಒಂದೊಂದಕ್ಕೂ ಪಟ್ಟಿ ಕಟ್ಟುತ್ತೆ. ದೇವರಿಗೆ ಬಿಡುವಾಗ ಕಟ್ಟಲ್ವಾ, ಆ ಥರ. ಪಟ್ಟಿ ಬಿದ್ದ ತಕ್ಷಣ ಆ ಕೋಶಕ್ಕೆ ಗೊತ್ತಾಗುತ್ತೆ, ತನ್ನ ಕಾಲ ಮುಗೀತು ಅಂತ."

ಡೊಲ್ಗೊರ್ ಕತ್ತು ಎತ್ತಿದಳು. ಡಾಕ್ಟರಮ್ಮ ಮಾತ್ರ ತಾನು ಕೊಟ್ಟ ಉದಾಹರಣೆಗೆ ತಾನೇ ಖುಷಿಯಾಗಿ ನಗುತ್ತಿದ್ದಳು. ಪಾಪ, ಅವಳು ಪಟ್ಟಿ ಕಟ್ಟಿದ ಪ್ರಾಣಿಯನ್ನು ಕಾರಿನ ಕಿಟಕಿಯಿಂದಲೇ ನೋಡಿದವಳು. ಗುರುತು ಮಾಡಿದ್ದಾರೆ ಎಂದಷ್ಟೇ ಗೊತ್ತು.

ಯೊಂದೋನ್ ಅವಳ ಕಡೆಗೆ ಬಾಗಿದ. "ಯಾವ ಬಣ್ಣದ ಪಟ್ಟಿ?" ಎಂದು ಕೇಳಿದ.

"ಬಣ್ಣ ಇಲ್ಲ ಮಾಮ. ಕಣ್ಣಿಗೆ ಕಾಣಲ್ಲ."

"ಕಟ್ಟೋವಾಗ ಯಾರು ಮಂತ್ರ ಓದ್ತಾರೆ?"

ಅವಳು ತಮಾಷೆ ಅಂದುಕೊಂಡು ನಕ್ಕಳು. "ಖಂಡಾ ಅಕ್ಕ ಓದ್ತಾರೆ!"

ಯೊಂದೋನ್ ಎದ್ದ. ಟೋಪಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಲೆಗಿಟ್ಟ. "ನಾನು ಊರಿಗೆ ಹೋಗ್ತೀನಿ, ಮಗಳೇ. ನಿನ್ನ ಮೇಲೆ ಸಿಟ್ಟಿಲ್ಲ," ಎಂದು ಹೇಳಿ ಹೊರಟೇಬಿಟ್ಟ. ಸಹಿ ಮಾಡಲಿಲ್ಲ. ನಾನು ಬಸ್ ನಿಲ್ದಾಣದ ತನಕ ಹಿಂದೆ ಓಡಿ, ಅದು ಆ ಪಟ್ಟಿ ಅಲ್ಲ ಮಾರಾಯ ಎಂದು ಬೇಡಿಕೊಂಡೆ. ಅವನು ನನಗೆ ಒಂದು ಹಿಡಿ ಒಣಗಿದ ಮೊಸರಿನ ತುಂಡು ಕೊಟ್ಟು ಬಸ್ಸು ಹತ್ತಿದ.

ಪಟ್ಟಿಯ ನಿಜವಾದ ಅರ್ಥ ನನ್ನಿಂದ ತಿಳಿದು ನೊಮುಂದಾರಿ ಅಳಲಿಕ್ಕೇ ಶುರು ಮಾಡಿದಳು. ಅಳುವವರನ್ನು ಬಯ್ಯಲಿಕ್ಕಾಗುತ್ತದೆಯೇ? ನನಗೆ ಬಯ್ಯುವ ಮನಸ್ಸು ಬೇಕಾದಷ್ಟಿತ್ತು, ಆದರೂ ಸುಮ್ಮನಾದೆ. ಜಾಗವನ್ನು ತಿಂಗಳ ಕೊನೆಯವರೆಗೂ ಹಿಡಿದಿಡುತ್ತೇನೆ, ಹೇಗಾದರೂ ಮಾಡಿ ಕರೆದುಕೊಂಡು ಬನ್ನಿ ಎಂದು ಅವಳೇ ಹೇಳಿದಳು. ನನಗೂ ಹೇಗೂ ಚಳಿಗಾಲದ ಮಾಂಸ ತರಲು ಊರಿಗೆ ಹೋಗುವುದಿತ್ತು. ನನ್ನ ಚಿಕ್ಕಪ್ಪನ ಮಗನ ಟ್ರಕ್ಕಿನಲ್ಲಿ ಹೊರಟೆ.

ಯೊಂದೋನನ ಗುಡಾರದ ಮುಂದೆ ಇಳಿದಾಗ ಡೊಲ್ಗೊರಳ ಗಂಟಲು ಒಳಗಿಂದಲೇ ಕೇಳಿಸುತ್ತಿತ್ತು.

"ಹುಟ್ಟಿದಾಗಿಂದ ಕುರಿ ಕೊಯ್ದೋನು, ಈಗ ಹೊಟ್ಟೇಲಿರೋ ಗೆಡ್ಡೆಗೆ ಲಾಮಾ ಆಗಿ ಕೂತವ್ನೆ! ಅದರ ಮ್ಯಾಲೆ ಅದೆಂಥಾ ದಯೆ! ನನ್ನ ಮ್ಯಾಲೆ ಒಂದಿನಾನಾದ್ರೂ ಇಷ್ಟು ದಯೆ ತೋರ್ಸಿದ್ದೀಯಾ ಮುದುಕ?"

"ಬಾಗಿಲಾಚೆ ಯಾರೋ ಬಂದವ್ರೆ, ಮೆಲ್ಲಗೆ ಮಾತಾಡು," ಎಂದ ಯೊಂದೋನ್.

"ಬಂದವ್ರು ಕೇಳಲಿ!" ಎನ್ನುತ್ತಾ ಡೊಲ್ಗೊರ್ ಬಾಗಿಲು ತೆರೆದಳು. "ಖಂಡಾ, ಬಾರೆ ಒಳಗೆ. ನೀನೇ ಕೇಳು ಇವನ ಕಥೆಯಾ."

ಒಳಗೆ ಹೋದೆ. ಯೊಂದೋನ್ ಒಲೆಯ ಪಕ್ಕ ಕೂತು ಚರ್ಮದ ಕಡಿವಾಣಕ್ಕೆ ಕೊಬ್ಬು ಸವರುತ್ತಿದ್ದ. ಕೆನ್ನೆ ಒಳಗೆ ಹೋಗಿತ್ತು. ಕಣ್ಣು ಇನ್ನೂ ಬೆಳ್ಳಗಿತ್ತು, ಅದೊಂದು ಸಮಾಧಾನ. ಉಪ್ಪು ಹಾಕಿದ ಹಾಲಿನ ಚಹಾ ಬಂತು. ಚಳಿ, ದನ, ಹುಲ್ಲು, ಯಾರ ಮಗಳಿಗೆ ಮದುವೆ ಎಂಬುದೆಲ್ಲ ಕೇಳಿಯಾದ ಮೇಲೆ ನಾನು ನೇರ ವಿಷಯಕ್ಕೆ ಬಂದೆ.

"ಅಣ್ಣಾ, ಯಾಕೆ ಬರಲ್ಲ?"

"ನಂಗೆ ಗೊತ್ತಿರೋದು ಒಂದೇ, ಖಂಡಾ. ಪಟ್ಟಿ ಬಿದ್ದಿದ್ದು ಬದುಕತೈತೆ. ಮುದಿಯಾಗೋ ತನಕ ಮೇಯತೈತೆ. ಆ ಹುಡುಗಿ ನನ್ನ ಹೊಟ್ಟೇಲಿರೋ ರೋಗಕ್ಕೆ ಪಟ್ಟಿ ಕಟ್ತೀನಿ ಅಂತಾಳೆ. ಕಟ್ಟಿದ್ರೆ ಅದನ್ನ ಮುಟ್ಟೋರು ಯಾರು? ನನ್ನನ್ನೇ ಹುಲ್ಲುಗಾವಲು ಮಾಡ್ಕಂಡು ಮೇಯ್ತಾ ಇರತೈತೆ."

"ಅವಳು ಪಟ್ಟಣದವಳು, ಬಾಯಿತಪ್ಪಿ ಅಂದಳು. ಅದು ಪಟ್ಟಿ ಅಲ್ಲ. ಅದು…" ನಾನು ತಡವರಿಸಿದೆ. "ತೋಳಕ್ಕೆ ಇಡೋ ವಿಷ ಇದ್ದ ಹಾಗೆ."

"ವಿಷ ತೋಳ ಒಂದೇ ತಿಂತೈತಾ? ಹೋದ ವರ್ಷ ನನ್ನ ನಾಯೀನೂ ತಿಂತು."

"ಸರಿ, ವಿಷ ಬೇಡ. ಬೇಟೆ ನಾಯಿ ಅಂತ ಇಟ್ಕೋ. ವಾಸನೆ ಹಿಡಿದು ಹುಡುಕುತ್ತೆ."

"ನಾಯಿ ಬೊಗಳ್ತದೆ. ಇದು ಪಟ್ಟಿ ಕಟ್ತದೆ."

ನನಗೆ ಅಲ್ಲೇ ತಲೆ ಕೆಟ್ಟಿತು. ಗುಡ್ಡ ಹತ್ತಿದರೆ ಫೋನಿಗೆ ಸಿಗ್ನಲ್ ಸಿಗುತ್ತದೆ. ಹತ್ತಿ ಹೋಗಿ ನೊಮುಂದಾರಿಗೆ ಮಾಡಿದೆ. "ಪಟ್ಟಿ ಅಲ್ಲ, ಬಣ್ಣ ಅಂತ ಹೇಳಿ ಅಕ್ಕಾ!" ಎಂದಳು. "ಮಾರೋ ಕುರಿಗೆ ಬಣ್ಣ ಬಳೀತಾರಲ್ಲ, ಆ ಥರ. ಇಲ್ಲಿ ಒಬ್ಬರನ್ನ ಕೇಳಿ ತಿಳ್ಕೊಂಡೆ." ಇಳಿದು ಬಂದು ಹೇಳಿದೆ. ಯೊಂದೋನ್ ಹೊಟ್ಟೆ ಹಿಡಿದುಕೊಂಡು ನಕ್ಕ, ನೋವಾಗಿ ನಿಲ್ಲಿಸಿದ.

"ಮೊನ್ನೆ ಪಟ್ಟಿ, ಇವತ್ತು ಬಣ್ಣ. ನಾಳೆ ಗಂಟೆ ಕಟ್ತೀನಿ ಅಂತಾಳೆ. ಬಾಯಿಂದ ಬಂದ ಮಾತು ವಾಪಸ್ ಹೋಗಲ್ಲ ಖಂಡಾ. ಮೊದಲು ಏನಂದ್ಳೋ ಅದೇ ಶಕುನ."

ನನಗೆ ರೇಗಿಹೋಯಿತು. ಸಾಯುತ್ತಿರುವ ಮನುಷ್ಯ, ಬದುಕಲು ಒಂದು ದಾರಿ ಇದೆ, ದಾರಿಗೆ ಅಡ್ಡ ಕೂತಿರುವುದು ಒಂದು ಮಾತು. "ಆಯ್ತಪ್ಪಾ, ಪಟ್ಟಿ ಅಂತಾನೇ ಇಟ್ಕೋ!" ಎಂದು ಕೂಗಿದೆ. "ಪಟ್ಟಿ ಅಂದ್ರೆ ಏನು ಮಹಾ? ಬರೀ ಬಟ್ಟೆ ತುಂಡು. ಒಂದು ಬಟ್ಟೆ ತುಂಡಿಗೆ ಹೆದರಿ ಹೆಂಡತೀನ ಒಂಟಿ ಮಾಡ್ತೀಯಾ?"

ಯೊಂದೋನ್ ಕಡಿವಾಣ ಕೆಳಗಿಟ್ಟ. ಅವನು ದನಿ ಎತ್ತಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಬರೀ ಬಟ್ಟೆ ಅನ್ಬ್ಯಾಡ! ಆಚೆ ಕಂದು ಕುದುರೆ ಜೂಲಿನಾಗೆ ಕಟ್ಟೈತಲ್ಲ, ಅದು ಬರೀ ಬಟ್ಟೆನಾ? ಹೋಗಿ ನೋಡು. ನಾನು ಆಸ್ಪತ್ರೇಲಿ ಇದ್ದಾಗ ಇವಳು ನಡುವೆ ಊರಿಗೆ ಬಂದು ಲಾಮಾನ್ನ ಕರ್ಸಿ ಕಟ್ಸವ್ಳೆ. ನನ್ನ ಜೀವಕ್ಕೆ ಅಂತ. ನನ್ನ ಹತ್ರ ಇರೋದ್ರಲ್ಲಿ ಚೆನ್ನಾಗಿರೋ ಕುದುರೆ ಅದೊಂದೇ, ಅದ್ನೇ ಬಿಟ್ಟವ್ಳೆ. ಇವಳು ಕಟ್ಟಿದ್ದು ಬದುಕಿಸ್ತೈತೆ ಅಂತ ನಂಬ್ಕಂಡವ್ಳೆ, ಖಂಡಾ. ಡಾಕ್ಟರಮ್ಮನ ಪಟ್ಟಿ ಕೊಲ್ತೈತೆ ಅಂತ ನಾನು ಒಪ್ಕಂಡು ಸಹಿ ಹಾಕಿದ್ರೆ, ಇವಳ ಪಟ್ಟಿ ಏನಾಗ್ಬೇಕು? ಎರಡೂ ನಿಜ ಆಗಕ್ಕೆ ಆಗ್ತದಾ? ಇವಳದ್ದನ್ನ ಸುಳ್ಳು ಮಾಡಿ ನಾನು ಬದುಕೋದು ಯಾತಕ್ಕೆ?"

ಆಗ ನನಗೆ ಅರ್ಥವಾಯಿತು. ಗೆಡ್ಡೆ ಮೇಯುತ್ತದೆ, ಶಕುನ, ಬಾಯಿಂದ ಬಂದ ಮಾತು, ಇವೆಲ್ಲ ಮೇಲಿನ ಮಾತು. ಮನಸ್ಸಿನಲ್ಲಿದ್ದದ್ದು ಡೊಲ್ಗೊರ್ ಕಟ್ಟಿದ ಪಟ್ಟಿ. ಅದಕ್ಕೆ ಅವಮಾನ ಮಾಡಬಾರದೆಂದು ಅವನು ಸಾಯಲಿಕ್ಕೆ ತಯಾರಾಗಿದ್ದ. ಆ ಗಂಡ ಹೆಂಡತಿ ಒಬ್ಬರಿಗೊಬ್ಬರು ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿದವಳಲ್ಲ.

ಡೊಲ್ಗೊರ್ ಚಹಾದ ಸೌಟು ಹಿಡಿದು ನಿಂತಿದ್ದಳು. ಏನಾದರೂ ಕೂಗುತ್ತಾಳೆ ಅಂದುಕೊಂಡೆ. ಅವಳು ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟಳು. ಕುರಿಚರ್ಮದ ಕೋಟು ತೊಟ್ಟು, ಗೋಡೆಗೆ ಸಿಕ್ಕಿಸಿದ್ದ ಉಣ್ಣೆ ಕತ್ತರಿ ತೆಗೆದುಕೊಂಡು ಹೊರಗೆ ನಡೆದಳು.

"ಎಲ್ಲಿಗೆ ಹೊಂಟಳು ಇವಳು?" ಎಂದ ಯೊಂದೋನ್.

ನನಗೆ ಯಾಕೋ ಗೊತ್ತಾಯಿತು. ಹಿಂದೆಯೇ ಓಡಿದೆ.

ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಕಂದು ಕುದುರೆ ಕಟ್ಟುವ ಹಗ್ಗದ ಹತ್ತಿರ ಬೇರೆ ಕುದುರೆಗಳ ಜೊತೆ ನಿಂತಿತ್ತು. ದೇವರಿಗೆ ಬಿಟ್ಟ ಕುದುರೆಯನ್ನು ಯಜಮಾನನ ಹೊರತು ಯಾರೂ ಹತ್ತುವಂತಿಲ್ಲ. ಹೆಂಗಸರಂತೂ ಹತ್ತಿರಕ್ಕೂ ಹೋಗುವಂತಿಲ್ಲ. ಆ ಕುದುರೆಗೂ ಅದು ತಿಳಿದಿತ್ತೋ ಏನೋ, ಡೊಲ್ಗೊರ್ ಕೈ ಚಾಚಿದರೆ ಕಿವಿ ಹಿಂದಕ್ಕೆ ಮಾಡಿ ತಿರುಗಿತು. ಅವಳು ಆ ಕಡೆ ಹೋದರೆ ಅದು ಈ ಕಡೆ. ಒಂದು ಸಲ ಜಾರಿ ಸಗಣಿಯ ಮೇಲೆ ಕೂತುಬಿಟ್ಟಳು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

"ಅಕ್ಕಾ, ಬೇಡ ಕಣೆ," ಎಂದೆ. "ಇದು ಯಾರೂ ಮಾಡಬಾರದ್ದು. ಬೇರೆ ಏನಾದರೂ ದಾರಿ ಹುಡುಕೋಣ."

"ನಿಂಗೆ ಎಷ್ಟು ದಾರಿ ಗೊತ್ತೋ ಅಷ್ಟೂ ಹೇಳಾಯ್ತಲ್ಲ. ವಿಷ ಅಂದೆ, ನಾಯಿ ಅಂದೆ, ಬಣ್ಣ ಅಂದೆ. ಈಗ ಬಾಯಿ ಮುಚ್ಕಂಡು ಕೊರಳ ಹಗ್ಗ ಹಿಡ್ಕೊ."

ಹಿಡಿದುಕೊಂಡೆ. ನನಗೂ ಆ ಪಾಪದಲ್ಲಿ ಪಾಲಿದೆ, ಇಲ್ಲ ಅನ್ನುವುದಿಲ್ಲ. ಪಟ್ಟಿಯ ಗಂಟು ಮಂಜಿಗೆ ಕಲ್ಲಾಗಿತ್ತು. ಅವಳು ಕೈಗವಸು ಬಿಚ್ಚಿ ಉಗುರಲ್ಲಿ ಎಳೆದಳು, ಬಾಯಿಂದ ಬಿಸಿ ಉಸಿರು ಬಿಟ್ಟಳು, ಅದು ಬಿಚ್ಚಿಕೊಳ್ಳಲಿಲ್ಲ. ಕೊನೆಗೆ ಕತ್ತರಿ ಹಾಕಿದಳು. ಪಟ್ಟಿಯ ಜೊತೆ ಒಂದು ಹಿಡಿ ಜೂಲೂ ಕತ್ತರಿಸಿ ಬಂತು. ಅವಳ ತುಟಿ ಬಿಳುಚಿಕೊಂಡಿತ್ತು. ಏನೋ ಗೊಣಗುತ್ತಿದ್ದಳು. ಮೊದಲು ಪ್ರಾರ್ಥನೆ ಅಂದುಕೊಂಡೆ. ಹತ್ತಿರ ಹೋಗಿ ಕೇಳಿದರೆ, "ನನ್ನ ಹೆಸರು ಡೊಲ್ಗೊರ್, ಕತ್ತರಿಸಿದ್ದು ನಾನು, ಅವನಲ್ಲ, ಡೊಲ್ಗೊರ್ ನಾನು," ಎಂದು ಗಾಳಿಗೆ ಹೇಳುತ್ತಿದ್ದಳು. ಆ ಪಾಪ ತಪ್ಪಿ ಗಂಡನ ಲೆಕ್ಕಕ್ಕೆ ಹೋಗದಿರಲೆಂದು.

ಒಳಗೆ ಬಂದು ಪಟ್ಟಿಯನ್ನು ಜೂಲಿನ ಸಮೇತ ಯೊಂದೋನನ ತೊಡೆಯ ಮೇಲೆ ಇಟ್ಟಳು.

"ತಗೋ. ನನ್ನ ಪಟ್ಟಿ ಈಗ ಎಲ್ಲೂ ಇಲ್ಲ. ಸುಳ್ಳಾಗೋಕೂ ಇಲ್ಲ, ನಿಜ ಆಗೋಕೂ ಇಲ್ಲ. ಇನ್ನು ಉಳಿದಿರೋದು ಆ ಹುಡುಗಿ ಕಟ್ಟೋದೊಂದೇ. ಅದೇನ್ ಮಾಡತೈತೋ ಮಾಡ್ಲಿ."

ಯೊಂದೋನ್ ಅದನ್ನು ಮುಟ್ಟಲಿಲ್ಲ. ನೋಡುತ್ತಾ ಕೂತ. ಅವನು ಎದ್ದು ಅವಳಿಗೆ ಹೊಡೆಯುತ್ತಾನೋ ಎಂದು ನನಗೆ ಹೆದರಿಕೆಯಾಯಿತು.

"ಜೂಲು ಯಾಕೆ ಇಷ್ಟು ಕತ್ತರಿಸ್ದೆ?" ಎಂದ.

"ಗಂಟು ಬಿಚ್ಚಲಿಲ್ಲ."

"ನನ್ನ ಕರೀಬಾರದಿತ್ತಾ?"

"ನಿನ್ನ ಕರೆದಿದ್ರೆ ನೀನು ಬಿಚ್ತಿದ್ಯಾ?"

"ಇಲ್ಲ."

"ಮತ್ತೆ!"

ಯೊಂದೋನ್ ಕೈ ಚಾಚಿ ಅವಳ ಕೋಟಿಗೆ ಅಂಟಿದ್ದ ಸಗಣಿಯನ್ನು ಬೆರಳಿಂದ ಕೆರೆದು ತೆಗೆದ. "ಖಂಡಾ, ಟ್ರಕ್ ಯಾವಾಗ ಹೊರಡತೈತೆ ಅಂತ ಆಗಿಂದ ಕೇಳ್ತಾ ಇದ್ದೀನಿ, ಕಿವಿ ಕೇಳಲ್ವಾ?" ಎಂದ. ಅವನು ಅದನ್ನು ನನ್ನ ಬಳಿ ಅದಕ್ಕೆ ಮೊದಲು ಕೇಳಿಯೇ ಇರಲಿಲ್ಲ. ನಾನು ಅತ್ತುಬಿಟ್ಟೆ, ಏನು ಮಾಡಲಿ.

ತಿಂಗಳು ಮುಗಿಯುವ ಮೊದಲೇ ಡ್ರಿಪ್ ಶುರುವಾಯಿತು. ಸೂಜಿ ಚುಚ್ಚಿದ್ದು ನಾನೇ. ಮೊದಲ ದಿನ ಚಳಿ ಜ್ವರ ಬಂದು ಹಲ್ಲು ಕಟಕಟ ಅಂದವು. ಹಾಗಾಗುತ್ತದೆಂದು ನಮಗೆ ಗೊತ್ತಿತ್ತು, ಕಂಬಳಿ ಹೊದಿಸಿದೆವು. ನೊಮುಂದಾರಿ ದಿನಾ ಬಂದು ಅಪರಾಧಿಯ ಹಾಗೆ ಮಂಚದ ಕಾಲಬಳಿ ನಿಲ್ಲುತ್ತಿದ್ದಳು. ಯೊಂದೋನ್ ಅವಳಿಗೆ ಊರಿಗೆ ಬಾ, ಕುದುರೆ ಹತ್ತುವುದು ಕಲಿಸುತ್ತೇನೆ ಎಂದು ಮಾತು ಕೊಟ್ಟ. ಡೊಲ್ಗೊರ್ ಮಾತ್ರ ಅವಳನ್ನು ಕಂಡಾಗಲೆಲ್ಲ, "ಇವತ್ತು ಏನು ಕಟ್ತೀಯಮ್ಮಾ?" ಎಂದು ಚುಚ್ಚುತ್ತಿದ್ದಳು.

ವಸಂತದ ಸ್ಕ್ಯಾನಿನಲ್ಲಿ ಗೆಡ್ಡೆ ಅರ್ಧಕ್ಕಿಂತ ಚಿಕ್ಕದಾಗಿತ್ತು. ಸತ್ತ ಕೋಶಗಳು ಒಡೆದು ಚೆಲ್ಲುವುದಿಲ್ಲ, ತಾವಾಗೇ ಮಡಚಿಕೊಂಡು ಪುಡಿಯಾಗುತ್ತವೆ, ಅಕ್ಕಪಕ್ಕದವು ಅವನ್ನು ನುಂಗಿ ಜಾಗ ಸ್ವಚ್ಛ ಮಾಡುತ್ತವೆ ಎಂದು ನೊಮುಂದಾರಿ ಈ ಸಲ ಯಾವ ಉದಾಹರಣೆಯನ್ನೂ ಕೊಡದೆ ಹೇಳಿದಳು. ಯೊಂದೋನ್ ಗಮನವಿಟ್ಟು ಕೇಳಿದ. "ನಿನ್ನ ಔಷಧೀದು ಕೈ ಹಗುರ ಐತೆ," ಎಂದು ತಲೆಯಾಡಿಸಿದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಎಲ್ಲರಿಗೂ ಹಾಗಾಗಲಿಲ್ಲ, ಅದನ್ನೂ ಹೇಳಬೇಕು. ಪಕ್ಕದ ಕುರ್ಚಿಯಲ್ಲಿ ಅದೇ ಔಷಧಿ ಹಾಕಿಸಿಕೊಂಡ ಬಸ್ ಚಾಲಕನಿಗೆ ಅದು ಏನೂ ಮಾಡಲಿಲ್ಲ. ಅವನು ಬೇಸಿಗೆ ನೋಡಲಿಲ್ಲ. ಯಾಕೆ ಒಬ್ಬರಿಗೆ ಹಿಡಿಯುತ್ತದೆ, ಇನ್ನೊಬ್ಬರಿಗೆ ಹಿಡಿಯುವುದಿಲ್ಲ ಎಂದು ಕೇಳಿದರೆ ಡಾಕ್ಟರುಗಳು ಉದ್ದ ಉತ್ತರ ಕೊಡುತ್ತಾರೆ. ಗೊತ್ತಿಲ್ಲ ಎಂಬುದು ಅದರ ಸಾರಾಂಶ.

ಯೊಂದೋನ್ ಊರಿಗೆ ಹೋದ. ಡ್ರಿಪ್ಪಿಗೆ ಬರುತ್ತಿದ್ದ, ಹೋಗುತ್ತಿದ್ದ. ಮುಂದಿನ ಚಳಿಗಾಲ ಮತ್ತೆ ಗುಡಾರದಿಂದ ಗುಡಾರಕ್ಕೆ ಕುರಿ ಕೊಯ್ದ. ನಮ್ಮಮ್ಮ ಆನಂದಕ್ಕೆ ದೊಡ್ಡ ಅತಿಥಿಗಳಿಗೆ ಕೊಡುವ ಕುರಿಯ ಕೊಬ್ಬಿನ ಬಾಲವನ್ನು ಅವನ ಬಟ್ಟಲಿಗೆ ಇಡಿಯಾಗಿ ಹಾಕಿದಳಂತೆ. ಆದರೆ ಅವನ ಮನಸ್ಸಿಗೆ ಸಮಾಧಾನ ಇರಲಿಲ್ಲ. ಹೆಂಡತಿಯ ತಲೆಯ ಮೇಲೆ ಪಾಪ ಕೂತಿದೆ, ಅದನ್ನು ಇಳಿಸಬೇಕು. ಅವಳು ನೀರು ತರಲು ಹೋದ ಹೊತ್ತು ನೋಡಿ ಲಾಮಾನನ್ನು ಕರೆಸಿದ, ಕಂದು ಕುದುರೆಗೆ ಹೊಸ ಪಟ್ಟಿ ಕಟ್ಟಿಸಬೇಕೆಂದು. ಡೊಲ್ಗೊರ್ ಬಕೆಟ್ ಹಿಡಿದು ಬರುವಾಗ ನೋಡಿದಳು. ಬಕೆಟ್ ಎಸೆದು, "ಒಬ್ಬನಿಗೆ ಒಂದೇ ಪಟ್ಟಿ ಸಾಕು! ಅದು ಅವನ ಹೊಟ್ಟೇಲಿ ಕೆಲಸ ಮಾಡ್ತಾ ಐತೆ, ನಡುವೆ ನೀನು ಬರ್ಬ್ಯಾಡ!" ಎಂದು ಲಾಮಾನ ಮೋಟಾರ್ ಸೈಕಲ್ಲಿನ ಹಿಂದೆ ಕಲ್ಲು ಹಿಡಿದು ಓಡಿದಳು. ಆ ಲಾಮಾ ನಮ್ಮ ಕಣಿವೆಗೆ ಬಹಳ ದಿನ ಬರಲಿಲ್ಲ.

ಮೂರು ಚಳಿಗಾಲ ಕಳೆಯಿತು. ಮೂರನೆಯದು ಮುಗಿಯುವಾಗ ಗೆಡ್ಡೆ ಔಷಧಿಯ ಮಾತು ಕೇಳುವುದನ್ನು ನಿಲ್ಲಿಸಿತು. ಹಿಡಿಯಬೇಕಾದ ಕೊಂಡಿಯನ್ನೇ ಅದು ಬಚ್ಚಿಟ್ಟುಕೊಂಡಿದೆ ಎಂದಳು ನೊಮುಂದಾರಿ. ಯೊಂದೋನ್ ಜಗಳವಾಡಲಿಲ್ಲ. ತನ್ನ ಗುಡಾರದಲ್ಲಿ, ಮರಿ ಹಾಕುವ ಕಾಲದಲ್ಲಿ, ಹೊರಗೆ ಕುರಿಗಳು ಕೂಗುತ್ತಿರುವಾಗ ಹೋದ.

ಬೇಸಿಗೆಯಲ್ಲಿ ನಾನು ಡೊಲ್ಗೊರಳನ್ನು ನೋಡಲು ಹೋದೆ. ಹಾಲು ಕಾಯಿಸುತ್ತಿದ್ದಳು. ಇಳಿದುಹೋಗಿದ್ದಳು, ಗಂಟಲು ಮಾತ್ರ ಹಾಗೇ ಇತ್ತು. ಅವಳಿಗೆ ಎದೆನೋವು ಬರುತ್ತಿದೆ, ಆ ದಿನದ ಕತ್ತರಿಯೇ ಅದಕ್ಕೆ ಕಾರಣ ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ನನ್ನ ಬಾಯಿ ಸುಮ್ಮನಿರುವುದಿಲ್ಲವಲ್ಲ, ಕೇಳಿಯೇಬಿಟ್ಟೆ.

"ಅಕ್ಕಾ, ಪಟ್ಟಿ ಕತ್ತರಿಸಿದ್ದಕ್ಕೆ ನಿಂಗೆ ಹೆದರಿಕೆ ಆಗಲ್ವಾ?"

ಅವಳು ಹಾಲು ಉಕ್ಕದ ಹಾಗೆ ಸೌಟಿನಿಂದ ಎತ್ತಿ ಸುರಿಯುತ್ತಲೇ ಇದ್ದಳು.

"ಹೆದರಿಕೆ ಇಲ್ಲ ಅಂತ ಯಾರಂದ್ರು? ದಿನಾ ಹೆದರ್ತೀನಿ ಕಣೆ. ಸತ್ತ ಮ್ಯಾಲೆ ನಂಗೆ ಒಳ್ಳೆ ಜನ್ಮ ಸಿಗಲ್ಲ, ಇವನು ಹೋದ ಕಡೆ ನಾನು ಹೋಗಲ್ಲ, ಅದು ನಂಗೆ ಗೊತ್ತು. ಆದ್ರೆ ಮೂರು ಚಳಿಗಾಲ ಪಕ್ಕದಾಗೆ ಮಲಗಿ ಗೊರಕೆ ಹೊಡ್ದ. ಕೇಳ್ತಾ ಮಲಗಿದ್ದೆ. ಇನ್ನೊಂದು ಸಲ ಅಂಥಾ ಹೊತ್ತು ಬಂದ್ರೆ ಕತ್ತರಿ ಹುಡುಕಕ್ಕೂ ನಿಲ್ಲಲ್ಲ, ಹಲ್ಲಲ್ಲೇ ಕಚ್ಚಿ ಕಿತ್ತಾಕ್ತೀನಿ."